ನೇತ್ರಾಣಿಯ ಕಡಲಹದ್ದು

ಧ್ರುವಪ್ರದೇಶದ ನಿರ್ಜನ ದ್ವೀಪಗಳಲ್ಲಿ ಕಡಲಹಕ್ಕಿಗಳು ನೆರೆದು ಮರಿಮಾಡುವ ಸಂಗತಿ ಪ್ರಸಿದ್ಧವಾದುದು. ಕನ್ನಡನಾಡಿನ ಕಡಲಿನಲ್ಲಿಯೂ ಹಕ್ಕಿಗಳದೇ ಆದ ನಿರ್ಜನ ನೆಲೆಯೊಂದುಂಟು. ಅದು ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ. ಆಂಗ್ಲರ ನಕಾಶೆಗಳು ಇದನ್ನು ಪಾರಿವಾಳದ ದ್ವೀಪವೆಂದು ಕರೆದವು. ಇಲ್ಲಿನ ಒಡೆಯನಾದರೋ ಬಿಳಿಹೊಟ್ಟೆಯ ಕಡಲಹದ್ದು. ಮೀನನ್ನೂ ಕಡಲಹಾವನ್ನೂ ಬೇಟೆಯಾಡುವ ಈ ಹಕ್ಕಿ ಎತ್ತರದ ಮರದಲ್ಲಿ ಕಟ್ಟಿದ ಗೂಡನ್ನು ತೊರೆಯದೆ, ವರ್ಷವರ್ಷವೂ ಹೊಸ ಕಡ್ಡಿಗಳನ್ನಿಟ್ಟು ಬೆಳೆಸುತ್ತದೆ. ಒಂದು ಮರ ಉರುಳಿದರೆ ಹಲವು ವರ್ಷಗಳ ಮನೆ ಉರುಳಿದಂತೆಯೇ ಸರಿ. ಮೀನುಗಾರರು ಹರಕೆ ಸಲ್ಲಿಸುವ ಈ ದ್ವೀಪ ನೌಕಾಪಡೆಯ ಗುರಿಯಭ್ಯಾಸಕ್ಕೂ ಬಳಕೆಯಾಗಿದೆ. ಜನರಿಲ್ಲವೆಂದು ಹಕ್ಕಿ ಆರಿಸಿಕೊಂಡ ನೆಲವನ್ನು ಫಿರಂಗಿಯೂ ಅದೇ ಕಾರಣಕ್ಕೆ ಆರಿಸಿಕೊಂಡಿತೆನ್ನಬೇಕು. ಹದ್ದಿನ ಜೋಡಿ ಒಮ್ಮೆಗೆ ಇಡುವುದು ಸಾಮಾನ್ಯವಾಗಿ 2 ಮೊಟ್ಟೆಗಳನ್ನು ಮಾತ್ರ. ಆದುದರಿಂದ ಇಲ್ಲಿ ಆದ ನಷ್ಟ ಬೇಗನೆ ತುಂಬಿಬರುವಂಥದಲ್ಲ.