ನಿಮಗಿದು ಗೊತ್ತೆ? ಹಾಡದಿದ್ದರೂ ಅದು ಅಗೌರವವಲ್ಲ

ರಾಷ್ಟ್ರಗೀತೆಯ ವೇಳೆ ಎದ್ದು ನಿಂತು, ಹಾಡದೆ ಸುಮ್ಮನಿದ್ದರೆ ಅದು ಅಪರಾಧವೇ? ಅಲ್ಲ ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ.

ಕೇರಳದ ಶಾಲೆಯೊಂದರಲ್ಲಿ ಓದುತ್ತಿದ್ದ ಒಂದೇ ಮನೆಯ ಮೂವರು ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ‘ಜನ ಗಣ ಮನ’ಕ್ಕೆ ಎಲ್ಲರಂತೆ ನೆಟ್ಟಗೆ ನಿಲ್ಲುತ್ತಿದ್ದರು. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದವರಾದ್ದರಿಂದ ಹಾಡುತ್ತಿರಲಿಲ್ಲ, ಅಷ್ಟೆ. ವಿಷಯ ವಿಧಾನಸಭೆಯವರೆಗೂ ಹೋಯಿತು. 1985ರ ಜುಲೈನಲ್ಲಿ ಮೂವರನ್ನೂ ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟ್‌ನಲ್ಲೂ ಅವರಿಗೆ ನ್ಯಾಯ ಸಿಗಲಿಲ್ಲ. ಕೊನೆಗೆ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ರಾಷ್ಟ್ರಗೀತೆಯನ್ನು ಹಾಡಲೇಬೇಕೆಂಬ ಕಾನೂನು ಎಲ್ಲೂ ಇಲ್ಲ, ಗೌರವದಿಂದ ನಿಂತರೆ ಅದು ಅವಮಾನವಾಗದು ಎಂದು ಹೇಳಿ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಪುಟ್ಟ ಮಕ್ಕಳ ಮನಸ್ಸಾಕ್ಷಿಗೂ ಬೆಲೆ ಕೊಟ್ಟ ಈ ತೀರ್ಪು ನಿಜಕ್ಕೂ ನಾವು ಹೆಮ್ಮೆಪಡಬೇಕಾದದ್ದು.

ಹಾಗೆಂದು ಕಾನೂನು ಸಡಿಲವೇನಲ್ಲ. ಬೇಕೆಂದೇ ಗೀತೆಗೆ ಅಡ್ಡಿಪಡಿಸಿದರೆ ಅಥವಾ ಹಾಡುತ್ತಿರುವ ಸಭೆಯಲ್ಲಿ ಗದ್ದಲ ಎಬ್ಬಿಸಿದರೆ 1971ರ ಕಾಯ್ದೆಯಡಿ 3 ವರ್ಷದವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು.

ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಎಂಬ 2016ರ ನವೆಂಬರ್‌ನ ಆದೇಶವನ್ನು ಸುಪ್ರೀಂ ಕೋರ್ಟೇ 2018ರ ಜನವರಿಯಲ್ಲಿ ಬದಲಿಸಿ, ಅದನ್ನು ಐಚ್ಛಿಕವಾಗಿಸಿತು. ಆದರೆ ಗೀತೆ ಹಾಕಿದರೆ ಪ್ರೇಕ್ಷಕರು ಎದ್ದು ನಿಲ್ಲಬೇಕು. ಅಂಗವಿಕಲರಿಗೆ ವಿನಾಯಿತಿ ಉಂಟು. ಪೂರ್ಣ ಗೀತೆಗೆ ಹಿಡಿಯುವ ಸಮಯ ಸುಮಾರು 52 ಸೆಕೆಂಡು. ಮೊದಲ ಮತ್ತು ಕೊನೆಯ ಸಾಲುಗಳಷ್ಟೇ ಇರುವ ಕಿರು ರೂಪವೂ ಇದೆ, ಅದಕ್ಕೆ ಸುಮಾರು 20 ಸೆಕೆಂಡು ಸಾಕು.