ಗಾಜಿನ ತೊಟ್ಟಿಯಲ್ಲಿ ಕಡಲು

ಕಡಲ ತಡಿಗೆ ಹೋದ ಮಕ್ಕಳು ಬರಿಗೈಯಲ್ಲಿ ಹಿಂದಿರುಗುವುದು ಅಪರೂಪ. ಒಬ್ಬನ ಜೇಬಿನಲ್ಲಿ ಚಿಪ್ಪು, ಇನ್ನೊಬ್ಬಳ ಕೈಯಲ್ಲಿ ಶಂಖ. ಮತ್ತೊಬ್ಬನ ಬಾಟಲಿಯಲ್ಲಿ, ಇಳಿತದ ವೇಳೆ ಬಂಡೆಯ ಗುಂಡಿಯಲ್ಲಿ ಸಿಕ್ಕ ಪುಟ್ಟ ಮೀನು. ಚಿಪ್ಪು ಮತ್ತು ಶಂಖಗಳು ವರ್ಷಗಟ್ಟಲೆ ಉಳಿಯುತ್ತವೆ. ಮೀನು ಮಾತ್ರ ಮರುದಿನ ಬೆಳಗಿಗೆ ಹೊಟ್ಟೆ ಮೇಲಾಗಿ ತೇಲುತ್ತಿರುತ್ತದೆ. ನೀರು ಕಡಲಿನದೇ ಆಗಿತ್ತು, ಆಹಾರವನ್ನೂ ಹಾಕಿದ್ದಾಗಿತ್ತು. ಆದರೂ ಅದು ಏಕೆ ಸತ್ತಿತು? ಈ ಪ್ರಶ್ನೆಗೆ ಉತ್ತರವನ್ನು ಅರಿತವನು ಹೆಚ್ಚು ಹಣವಿಲ್ಲದೆಯೂ ಮನೆಯಲ್ಲೊಂದು ಪುಟ್ಟ ಕಡಲನ್ನು ಸಾಕಬಲ್ಲನು. ಅರಿಯದವನು ಎಷ್ಟು ಹಣ ಸುರಿದರೂ ಜೀವಗಳನ್ನು ಕಳೆದುಕೊಳ್ಳುತ್ತಲೇ ಇರುವನು.

ಈ ಪ್ರಶ್ನೆಯನ್ನು ಮೊದಲಿಗೆ ಎದುರಿಸಿದವರಲ್ಲಿ ಇಂಗ್ಲೆಂಡಿನ ಅನ್ನಾ ಥೈನ್ ಎಂಬ ಮಹಿಳೆ ಒಬ್ಬಳು. 1846ರಲ್ಲಿ ಆಕೆ ಟಾರ್ಕಿ ಎಂಬ ಕಡಲೂರಿನಿಂದ ಕೆಲವು ಜೀವಂತ ಹವಳಗಳನ್ನು ಲಂಡನ್ನಿನ ತನ್ನ ಮನೆಗೆ ತಂದಳು. ಕಡಲಿನಿಂದ ದಿನವೂ ಹೊಸ ನೀರನ್ನು ತರಿಸುವುದು ಸಾಧ್ಯವಿರಲಿಲ್ಲ. ಆಗ ಆಕೆ ಒಂದು ಸರಳವಾದ ಉಪಾಯವನ್ನು ಹೂಡಿದಳು. ಮನೆಗೆಲಸದಾಕೆಯು ತೆರೆದ ಕಿಟಕಿಯ ಬಳಿ ಕುಳಿತು, ದಿನಕ್ಕೆ ಅರ್ಧ ಮುಕ್ಕಾಲು ಗಂಟೆಯ ಕಾಲ ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯಬೇಕು. ಸುರಿಯುವ ನೀರಿಗೆ ಗಾಳಿಯಲ್ಲಿನ ಆಮ್ಲಜನಕ ಸೇರುತ್ತಿತ್ತು, ಹವಳಗಳು ಬದುಕಿದವು. ಮುಂದೆ ಆಕೆ ಕಡಲ ಸಸ್ಯಗಳನ್ನೂ ತೊಟ್ಟಿಯಲ್ಲಿ ಬೆಳೆಸಿದಳು. ಬೇಕಾದದ್ದು ಎರಡು ಪಾತ್ರೆ ಮತ್ತು ತಾಳ್ಮೆ ಮಾತ್ರ!

1845ರಲ್ಲಿ ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ನಿನ ಪ್ರಾಣಿ ಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವೊಂದು ತೆರೆಯಿತು. ಅದಕ್ಕೆ ನೆರವಾದ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿ ವಿಜ್ಞಾನಿಯು ಮರುವರ್ಷ 'ದಿ ಅಕ್ವೇರಿಯಂ' ಎಂಬ ಗ್ರಂಥವನ್ನು ಪ್ರಕಟಿಸಿದನು. ನಾಲ್ಕು ಬಗೆಯ ಲವಣಗಳನ್ನು ಬೆರೆಸಿ, ಕಡಲಿಲ್ಲದ ಊರಿನಲ್ಲಿಯೂ ಕಡಲ ನೀರನ್ನು ತಯಾರಿಸುವ ವಿಧಾನವನ್ನೂ ಆತನು ತೋರಿಸಿಕೊಟ್ಟನು. ಆದರೆ ಈ ಹವ್ಯಾಸವು ಗೀಳಾಗಿ ಹಬ್ಬಿದಾಗ ಜನರು ಕಡಲ ತಡಿಗೆ ಮುಗಿಬಿದ್ದು ಬಂಡೆಗಳ ಗುಂಡಿಗಳನ್ನು ಬರಿದುಮಾಡಿದರು. ತಂದೆಯ ಪುಸ್ತಕಗಳೇ ಆ ಸೊಬಗಿನ ತೀರಗಳ ಲೂಟಿಗೆ ದಾರಿಮಾಡಿಕೊಟ್ಟುದನ್ನು ಮಗ ಎಡ್ಮಂಡ್ ಗಾಸ್ 1907ರಲ್ಲಿ ಹೊರತಂದ ಆತ್ಮಕಥನದಲ್ಲಿ ನೋವಿನಿಂದ ನೆನೆದಿದ್ದಾನೆ. ಪ್ರೀತಿಯಿಂದ ಆರಂಭವಾದ ಹವ್ಯಾಸವೂ ವಿವೇಕವಿಲ್ಲದಿದ್ದರೆ ಪ್ರೀತಿಸಿದ ವಸ್ತುವನ್ನೇ ನಾಶಮಾಡಬಲ್ಲದು.

ಹಾಗಾದರೆ ಕಡಲ ನೀರು ಎಂದರೇನು? ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಹೆಚ್ಚಿನ ಭಾಗ ಅಡುಗೆ ಉಪ್ಪೇ ಆದರೂ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್ ಮೊದಲಾದವುಗಳೂ ಗೊತ್ತಾದ ಪ್ರಮಾಣದಲ್ಲಿ ಬೆರೆತಿರುತ್ತವೆ. ಆದುದರಿಂದ ಅಡುಗೆ ಉಪ್ಪನ್ನು ಕರಗಿಸಿದ ನೀರು ಉಪ್ಪುನೀರಾದೀತೇ ಹೊರತು ಕಡಲ ನೀರಾಗಲಾರದು. ಮಿತವ್ಯಯದ ಹೆಸರಿನಲ್ಲಿ ಇದೊಂದು ವಸ್ತುವಿನಲ್ಲಿ ಜಿಪುಣತನ ಸಲ್ಲದು; ಅಕ್ವೇರಿಯಂಗಾಗಿಯೇ ತಯಾರಾದ ಸಮುದ್ರ ಲವಣವನ್ನು ಕೊಳ್ಳಬೇಕು. ಕರಾವಳಿಯವರಿಗೆ ಈ ಖರ್ಚೂ ಉಳಿಯಬಹುದು. ಆದರೆ ಮಳೆಗಾಲದಲ್ಲಿ ನೇತ್ರಾವತಿ, ಶರಾವತಿ, ಕಾಳಿಯಂತಹ ನದಿಗಳು ತುಂಬಿ ಹರಿದು ಅಳಿವೆಯ ಸುತ್ತಲಿನ ನೀರನ್ನು ಸಪ್ಪೆಮಾಡುತ್ತವೆ. ಬಂದರಿನ ನೀರಿನಲ್ಲಿ ಎಣ್ಣೆ ಬೆರೆತಿರುತ್ತದೆ. ಅಂತಹ ಎಡೆಗಳಿಂದ ದೂರದಲ್ಲಿ, ಮಳೆಗಾಲ ಕಳೆದ ಮೇಲೆ ತಿಳಿನೀರನ್ನು ತುಂಬಿಕೊಳ್ಳಬೇಕು.

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂಬ ಗಾದೆ ಕಡಲ ಮೀನಿಗೆ ಅಕ್ಷರಶಃ ಒಪ್ಪುತ್ತದೆ. ಅದರ ಮೈಯೊಳಗಿನ ದ್ರವಕ್ಕಿಂತ ಹೊರಗಿನ ನೀರು ಹೆಚ್ಚು ಉಪ್ಪಾಗಿರುವುದರಿಂದ ದೇಹದ ನೀರು ಸದಾ ಹೊರಕ್ಕೆ ಸೋರುತ್ತಿರುತ್ತದೆ. ಆ ನಷ್ಟವನ್ನು ತುಂಬಿಕೊಳ್ಳಲು ಮೀನು ಕಡಲ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಲವಣಾಂಶವು ಏಕಾಏಕಿ ಏರಿದರೂ ಇಳಿದರೂ ಈ ಸಮತೋಲ ಕೆಡುತ್ತದೆ.

ಹೊಸಬರಿಗೆ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಗಾಜಿನ ತೊಟ್ಟಿ ಸಾಕು. ಅದು ತುಂಬಿದರೆ 54 ಲೀಟರ್. ಅಂಚು ಬಿಟ್ಟು, ಮರಳು ಹಾಕಿ, 45 ಲೀಟರ್ ನೀರು ತುಂಬಿದರೆ ಸುಮಾರು ಒಂದೂವರೆ ಕಿಲೋಗ್ರಾಂ ಲವಣ ಬೇಕಾಗುತ್ತದೆ. ಇದಕ್ಕಿಂತ ಚಿಕ್ಕ ತೊಟ್ಟಿ ಅಗ್ಗವೆಂದು ತೋರಿದರೂ ಅಗ್ಗವಲ್ಲ. ಸ್ವಲ್ಪ ನೀರು ಬೇಗ ಬಿಸಿಯಾಗುತ್ತದೆ, ಬೇಗ ಕೊಳೆಯಾಗುತ್ತದೆ. ಹಳೆಯ ತೊಟ್ಟಿಯನ್ನು ಕೊಂಡರೆ ಹಣ ಉಳಿಯುತ್ತದೆ; ಅಂಗಳದಲ್ಲಿ ಒಂದು ದಿನ ನೀರು ತುಂಬಿಟ್ಟು ಸೋರುವುದಿಲ್ಲವೆಂದು ಖಚಿತಪಡಿಸಿಕೊಂಡರಾಯಿತು. ಉಪ್ಪುನೀರು ಕಬ್ಬಿಣವನ್ನು ತಿಂದುಹಾಕುವುದರಿಂದ ನೀರಿಗೆ ತಾಗುವಲ್ಲಿ ಲೋಹವಿರಬಾರದು. ಗಾಳಿಯೂದುವ ಸಣ್ಣ ಪಂಪು, ಅದಕ್ಕೆ ಜೋಡಿಸುವ ಸ್ಪಂಜಿನ ಶೋಧಕ, ಉಪ್ಪಿನಂಶವನ್ನು ಅಳೆಯುವ ಹೈಡ್ರೋಮೀಟರ್, ಅಮೋನಿಯಾ ಮತ್ತು ನೈಟ್ರೈಟ್‌ಗಳನ್ನು ಪರೀಕ್ಷಿಸುವ ದ್ರಾವಣಗಳು, ಒಂದು ಮುಚ್ಚಳ: ಇಷ್ಟು ಅಗತ್ಯ. ನಮ್ಮ ಕರಾವಳಿಯ ಹವೆಯಲ್ಲಿ ನೀರನ್ನು ಕಾಯಿಸುವ ಸಾಧನ ಬೇಕಿಲ್ಲ. ಹವಳವನ್ನು ಸಾಕದಿದ್ದರೆ ದುಬಾರಿಯಾದ ದೀಪಗಳೂ ಬೇಡ. ಲವಣ ಬೆರೆಸಲು ನಲ್ಲಿನೀರನ್ನು ಬಳಸುವುದಾದರೆ, ಅದರೊಳಗಿನ ಕ್ಲೋರಿನ್ ಹೋಗುವಂತೆ ಒಂದು ದಿನ ತೆರೆದಿಡಬೇಕು.

ತೊಟ್ಟಿ ಸಿದ್ಧವಾಯಿತು, ನೀರು ಸ್ಫಟಿಕದಂತೆ ತಿಳಿಯಾಗಿದೆ. ಮೀನನ್ನು ತಂದು ಬಿಡಬೇಕೆಂದು ಮನಸ್ಸು ಹಾತೊರೆಯುತ್ತದೆ. ಬಾಟಲಿಯ ಮೀನು ಸತ್ತುದರ ಗುಟ್ಟು ಇರುವುದು ಇಲ್ಲಿಯೇ. ಮುಚ್ಚಿದ ಬಾಟಲಿಯಲ್ಲಿ ಅದಕ್ಕೆ ಉಸಿರಾಟದ ಆಮ್ಲಜನಕವು ತೀರುತ್ತಾ ಬಂದಿತು. ಜೊತೆಗೆ ಅದರದೇ ತ್ಯಾಜ್ಯದಿಂದ ಮತ್ತು ಕೊಳೆತ ಆಹಾರದಿಂದ ಅಮೋನಿಯಾ ಎಂಬ ವಿಷ ಸೇರಿತು. ಈ ವಿಷ ಕಣ್ಣಿಗೆ ಕಾಣದು. ಪ್ರಕೃತಿಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ನೈಟ್ರೈಟ್ ಕೂಡ ಹಾನಿಕರವೇ. ಇನ್ನೊಂದು ಬಗೆಯವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ಅಗೋಚರ ಪೌರಕಾರ್ಮಿಕರು ಮರಳಿನ ಮೇಲೆ, ಸ್ಪಂಜಿನ ರಂಧ್ರಗಳಲ್ಲಿ ನೆಲೆಸಿ ಸಾಕಷ್ಟು ಸಂಖ್ಯೆಗೆ ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಮೀನಿಲ್ಲದ ತೊಟ್ಟಿಯಲ್ಲಿ ಸಿಗಡಿಯ ಒಂದು ಚಿಕ್ಕ ತುಣುಕನ್ನು ಕೊಳೆಯಲು ಬಿಟ್ಟರೆ ಅದೇ ಅವುಗಳಿಗೆ ಆಹಾರ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ. ಬಳಿಕ ನೈಟ್ರೈಟ್ ಏರಿ ಇಳಿಯುತ್ತದೆ. ಎರಡೂ ಶೂನ್ಯಕ್ಕೆ ಬಂದು ನಿಂತ ಮೇಲೆಯೇ ಮೀನಿಗೆ ಪ್ರವೇಶ. ತಾಳಿದವನು ಬಾಳಿಯಾನು ಎಂಬ ಮಾತು ಇಲ್ಲಿ ಸಾಕುವವನಿಗಿಂತ ಮೀನಿಗೇ ಹೆಚ್ಚು ಅನ್ವಯಿಸುತ್ತದೆ. ಈ ಆರು ವಾರಗಳ ತಾಳ್ಮೆಗೆ ಒಂದು ಕಾಸೂ ಖರ್ಚಿಲ್ಲ. ಅದಿಲ್ಲದಿದ್ದರೆ ಆಗುವ ನಷ್ಟವನ್ನು ಯಾವ ದುಬಾರಿ ಯಂತ್ರವೂ ತುಂಬಿಕೊಡದು.

ಯಾವ ಜೀವಿಯನ್ನು ತರಬೇಕೆಂಬುದು ಮುಂದಿನ ಪ್ರಶ್ನೆ. ಹವಳಗಳು ಮತ್ತು ಕಡಲಕುದುರೆಗಳಿಗೆ ನಮ್ಮ ದೇಶದಲ್ಲಿ 2001ರಿಂದ ವನ್ಯಜೀವಿ ಸಂರಕ್ಷಣಾ ಕಾನೂನಿನ ರಕ್ಷಣೆಯಿದೆ. ಅವುಗಳನ್ನು ಹಿಡಿಯುವುದೂ ಮಾರುವುದೂ ಅಪರಾಧ. ಕಿತ್ತಳೆ ಬಣ್ಣದ ಮೈಗೆ ಬಿಳಿಯ ಪಟ್ಟಿಗಳುಳ್ಳ ಕ್ಲೌನ್ ಮೀನು ಹೊಸಬರಿಗೆ ತಕ್ಕುದು. 1947ರಲ್ಲಿ ಸ್ಥಾಪನೆಯಾಗಿ, ಕೊಚ್ಚಿಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಈ ಮೀನನ್ನು ತೊಟ್ಟಿಗಳಲ್ಲಿಯೇ ಮರಿಮಾಡಿಸುವ ವಿಧಾನವನ್ನು ರೂಪಿಸಿದೆ. ಹಾಗೆ ಹುಟ್ಟಿದ ಮರಿಗಳನ್ನು ಕೊಂಡರೆ ಕಡಲಿನಿಂದ ಒಂದು ಜೀವವನ್ನೂ ಕದ್ದಂತಾಗುವುದಿಲ್ಲ. ಒಂದು ಜೊತೆ ಸಾಕು. ಅವು ಹತ್ತು ವರ್ಷಕ್ಕೂ ಮಿಗಿಲಾಗಿ ಬದುಕಬಲ್ಲವೆಂಬುದನ್ನು ಮರೆಯಬಾರದು.

ನಿತ್ಯದ ಪಾಲನೆಯಲ್ಲಿ ಒಂದು ಸೂಕ್ಷ್ಮವುಂಟು. ನೀರು ಆವಿಯಾದಾಗ ಉಪ್ಪು ಆವಿಯಾಗುವುದಿಲ್ಲ. 45 ಲೀಟರಿನಲ್ಲಿ ನಾಲ್ಕೂವರೆ ಲೀಟರ್ ಆರಿಹೋದರೆ ಲೀಟರಿಗೆ 35 ಗ್ರಾಂ ಇದ್ದ ಲವಣ 39 ಗ್ರಾಂ ಸಮೀಪಕ್ಕೆ ಏರುತ್ತದೆ. ಆದುದರಿಂದ ಆರಿದ ನೀರಿನ ಬದಲು ಸಿಹಿನೀರನ್ನೇ ತುಂಬಬೇಕು. ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗ ನೀರನ್ನು ತೆಗೆದು ಹೊಸ ಕಡಲ ನೀರನ್ನು ಹಾಕಿದರೆ ಸಂಗ್ರಹವಾದ ನೈಟ್ರೇಟ್ ತಗ್ಗುತ್ತದೆ. ಆಹಾರವನ್ನು ಮೀನು ತಕ್ಷಣ ತಿಂದು ಮುಗಿಸುವಷ್ಟು ಮಾತ್ರ ಹಾಕಬೇಕು. ಅತಿಯಾದ ಅಕ್ಕರೆಯೂ ಕೊಳೆತು ವಿಷವಾಗುತ್ತದೆ. ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. ವಿದ್ಯುತ್ತು ಹೋಗಿ ಪಂಪು ನಿಂತಾಗ ಗಾಬರಿಪಡಬೇಕಾಗಿಲ್ಲ. ತೊಟ್ಟಿಯ ನೀರನ್ನು ಚೊಂಬಿನಲ್ಲಿ ಎತ್ತಿ, ಮೇಲಿನಿಂದ ಮೆಲ್ಲಗೆ ಸುರಿಯುತ್ತಿದ್ದರಾಯಿತು. ಲಂಡನ್ನಿನ ಕಿಟಕಿಯ ಬಳಿ ಕುಳಿತು ಆ ಮನೆಗೆಲಸದಾಕೆ ಮಾಡಿದುದೂ ಇದನ್ನೇ. ಹವಳಗಳ ಜೀವವುಳಿಸಿದ ಆಕೆಯ ಹೆಸರು ಹೆಚ್ಚಿನವರಿಗೆ ತಿಳಿಯದು. ಆಕೆಯ ಕೈಗಳ ಕೆಲಸ ಮಾತ್ರ ಇಂದಿಗೂ ನಡೆಯುತ್ತಿದೆ.

ಇಂತಹ ತೊಟ್ಟಿಯೊಂದನ್ನು ವರ್ಷಕಾಲ ಸಾಕಿದ ವಿದ್ಯಾರ್ಥಿಯು ಕಡಲ ತಡಿಗೆ ಮರಳಿ ಹೋದಾಗ ಬಂಡೆಯ ಗುಂಡಿಯನ್ನು ಬೇರೊಂದು ಕಣ್ಣಿನಿಂದ ಕಾಣುವನು. ತಾನು ಅಳೆದು, ಬೆರೆಸಿ, ಕಾದು, ಸುರಿದು ಮಾಡುವ ಕೆಲಸವನ್ನೆಲ್ಲ ಅಲ್ಲಿ ದಿನಕ್ಕೆರಡು ಬಾರಿ ಉಬ್ಬರವಿಳಿತಗಳು ಸದ್ದಿಲ್ಲದೆ ಮಾಡುತ್ತಿರುವುದು ಅವನಿಗೆ ಅರಿವಾಗುವುದು. ಆಗ ಅವನು ಬಾಟಲಿಯನ್ನು ಹೊರತೆಗೆಯುವುದಿಲ್ಲ. ಬಾಗಿ ನೋಡಿ, ಆ ಮೀನನ್ನು ಅದರ ಮನೆಯಲ್ಲಿಯೇ ಬಿಟ್ಟು ಬರುವನು.