ತಿಳಿನೀರನ್ನು ನಂಬಬೇಡಿ

ಮೈಸೂರಿನಲ್ಲಿ ಈಜಿನ ಮಾತು ಬಂದರೆ ನೆನಪಾಗುವುದು ಸರಸ್ವತಿಪುರಂನ ವಿಶ್ವವಿದ್ಯಾನಿಲಯದ ಈಜುಕೊಳ. ಆದರೆ ವಿಜಯನಗರದಂಥ ಬಡಾವಣೆಯಲ್ಲಿ ದೊಡ್ಡ ನಿವೇಶನ ಇದ್ದವರಿಗೆ ಮನೆಯಂಗಳದಲ್ಲೇ ಪುಟ್ಟ ಕೊಳವಿರಲಿ ಎಂಬ ಆಸೆಯೂ ಹುಟ್ಟಬಹುದು. ಕೊಳ ಕಟ್ಟಿಸುವುದು ಒಂದು ಸಲದ ಖರ್ಚು. ಅದರ ನೀರನ್ನು ಕಾಯುವುದು ನಿತ್ಯದ ಕೆಲಸ. ಈ ಕೆಲಸದಲ್ಲಿ ಅನೇಕರು ಎಡವುವುದು ಕ್ಲೋರಿನ್ ಸಾಲದೆ ಅಲ್ಲ, ಕ್ಲೋರಿನ್ನನ್ನು ಕಾಪಾಡುವ ವಸ್ತು ಅತಿಯಾಗಿ.

ಆ ವಸ್ತುವೇ ಸಯನ್ಯೂರಿಕ್ ಆಮ್ಲ. ಅಂಗಡಿಯವರು ಕರೆಯುವುದು ಸ್ಟೆಬಿಲೈಸರ್ ಎಂದು. ಬಯಲಲ್ಲಿರುವ ಕೊಳದ ಮೇಲೆ ನಡುಹಗಲ ಬಿಸಿಲು ಬಿದ್ದರೆ ನೀರಿನಲ್ಲಿರುವ ಕ್ಲೋರಿನ್‌ನ ಬಹುಪಾಲು ಎರಡು ಮೂರು ಗಂಟೆಗಳಲ್ಲೇ ಮಾಯವಾಗುತ್ತದೆ. ಸಯನ್ಯೂರಿಕ್ ಆಮ್ಲ ಕ್ಲೋರಿನ್ನನ್ನು ಸಡಿಲವಾಗಿ ಹಿಡಿದುಕೊಂಡು, ಕೊಡೆಯಂತೆ ಬಿಸಿಲಿನಿಂದ ಕಾಯುತ್ತದೆ. ಲೀಟರಿಗೆ 30ರಿಂದ 50 ಮಿಲಿಗ್ರಾಂ, ಅಂದರೆ 30ರಿಂದ 50 ಪಿಪಿಎಂ ಇದ್ದರೆ ಸಾಕು.

ಅತಿಯಾದರೆ ಅಮೃತವೂ ವಿಷ. ಪ್ರಮಾಣ 100 ದಾಟಿದರೆ ಕ್ಲೋರಿನ್‌ನ ಹೆಚ್ಚಿನ ಭಾಗ ಆ ಹಿಡಿತದಲ್ಲೇ ಉಳಿಯುತ್ತದೆ. ಪರೀಕ್ಷೆಯಲ್ಲಿ 2 ಪಿಪಿಎಂ ಕ್ಲೋರಿನ್ ಕಂಡರೂ ರೋಗಾಣುಗಳನ್ನು ಚುರುಕಾಗಿ ಕೊಲ್ಲಬಲ್ಲ ಭಾಗ ಅತ್ಯಲ್ಪ. ಪಾಚಿ ಕಟ್ಟುವವರೆಗೂ ನೀರು ತಿಳಿಯಾಗಿಯೇ ಇರಬಹುದು. ಈಜುವ ಮಕ್ಕಳು ಗುಟುಕು ನೀರು ಕುಡಿಯದೆ ಇರುತ್ತಾರೆಯೇ? ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಕೊಳಕ್ಕೆ ಸೇರಿದರೆ, ಭಾರಿ ಕ್ಲೋರಿನ್ ಹಾಕುವ ಮೊದಲು ಸ್ಟೆಬಿಲೈಸರನ್ನು 15 ಪಿಪಿಎಂಗೆ ಇಳಿಸಿ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ.

<b>ಬಿಲ್ಲೆಯೊಳಗಿನ ಲೆಕ್ಕ</b>

ಸ್ಟೆಬಿಲೈಸರನ್ನು ಬೇರೆಯಾಗಿ ಹಾಕದವರ ಕೊಳದಲ್ಲೂ ಅದು ಏರುವುದು ಹೇಗೆ? ಎಲ್ಲರೂ ಬಳಸುವ ಟಿಸಿಸಿಎ ಬಿಲ್ಲೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಯನ್ಯೂರಿಕ್ ಆಮ್ಲವೇ ಆಗಿ ನೀರಿನಲ್ಲಿ ಉಳಿಯುತ್ತದೆ. 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳದಲ್ಲಿ 48,000 ಲೀಟರ್ ನೀರು ಹಿಡಿಯುತ್ತದೆ. 200 ಗ್ರಾಂನ ಒಂದು ಬಿಲ್ಲೆ ಕರಗಿದರೆ ಸ್ಟೆಬಿಲೈಸರ್ 2.3 ಪಿಪಿಎಂ ಏರುತ್ತದೆ. ಎರಡು ದಿನಕ್ಕೊಂದು ಬಿಲ್ಲೆಯಾದರೆ ತಿಂಗಳಿಗೆ ಸುಮಾರು 35. ಮೂರು ತಿಂಗಳಲ್ಲಿ ನೂರು!

ಕ್ಲೋರಿನ್ ಖರ್ಚಾಗುತ್ತದೆ, ಇದು ಖರ್ಚಾಗುವುದಿಲ್ಲ. ನೀರು ಆವಿಯಾದಾಗ ಹಿಂದೆಯೇ ಉಳಿಯುತ್ತದೆ. ಮರಳಿನ ಫಿಲ್ಟರಿಗೂ ಸಿಗುವುದಿಲ್ಲ. ಕಡಿಮೆ ಮಾಡುವ ಸುಲಭ ದಾರಿ ಒಂದೇ: ಹಳೆಯ ನೀರು ಹೊರಗೆ, ಹೊಸ ನೀರು ಒಳಗೆ. 120ರಿಂದ 60ಕ್ಕೆ ಇಳಿಸಲು ಅರ್ಧ ಕೊಳ, ಅಂದರೆ 24,000 ಲೀಟರ್ ಬೇಕು. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರದ ಲೆಕ್ಕದಲ್ಲಿ ನಾಲ್ವರ ಸಂಸಾರಕ್ಕೆ ಇದು 44 ದಿನಗಳ ನೀರು. ಹೊಂಗಳ್ಳಿ, ಬೆಳಗೊಳಗಳಿಂದ ಪಂಪು ಮಾಡಿ ಮೈಸೂರಿಗೆ ತರುವ ಕಾವೇರಿ ನೀರಿನ ಬೆಲೆ ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ. 2024ರ ಮಾರ್ಚಿಯಲ್ಲಿ ನೀರಿಗೆ ಬರ ಬಂದಾಗ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು.

<b>ಮೊದಲೇ ಎಚ್ಚರ</b>

ಆದ್ದರಿಂದ ಜಾಣತನ ಇರುವುದು ಏರದಂತೆ ನೋಡಿಕೊಳ್ಳುವುದರಲ್ಲಿ. ಸ್ಟೆಬಿಲೈಸರ್ 40ರ ಸುಮಾರಿಗೆ ಬಂದೊಡನೆ ಬಿಲ್ಲೆ ನಿಲ್ಲಿಸಿ ದ್ರವರೂಪದ ಸೋಡಿಯಂ ಹೈಪೋಕ್ಲೋರೈಟಿಗೆ ಬದಲಾಗಬೇಕು. ಬ್ಲೀಚಿಂಗ್ ಪುಡಿಯಲ್ಲೂ ಸ್ಟೆಬಿಲೈಸರ್ ಇಲ್ಲ. ಆದರೆ ಅದು ನೀರಿನ ಗಡಸುತನ ಹೆಚ್ಚಿಸುತ್ತದೆ, ಸುಣ್ಣದ ಗಷ್ಟು ಬಿಡುತ್ತದೆ. ಒಂದು ಎಚ್ಚರಿಕೆ: ಬಿಲ್ಲೆಯನ್ನೂ ಬ್ಲೀಚಿಂಗ್ ಪುಡಿಯನ್ನೂ ಒಂದೇ ಬಕೆಟಿನಲ್ಲಿ ಎಂದೂ ಬೆರೆಸಬಾರದು. ಬೆಂಕಿ, ಸ್ಫೋಟದ ಅಪಾಯವಿದೆ.

ತಿಂಗಳಿಗೊಮ್ಮೆ ಪರೀಕ್ಷೆ ಸಾಕು. ಮೆಲಮಿನ್ ದ್ರಾವಣ ಬೆರೆಸಿದರೆ ನೀರು ಹಾಲಿನಂತೆ ಕದಡುತ್ತದೆ. ನಳಿಕೆಯ ತಳದ ಕಪ್ಪು ಚುಕ್ಕೆ ಮರೆಯಾಗುವ ಮಟ್ಟವೇ ಉತ್ತರ. ಅಳತೆ 100 ಮುಟ್ಟಿದರೆ ಅದನ್ನೇ ನಂಬಬಾರದು. ಕೊಳದ ನೀರಿಗೆ ಅಷ್ಟೇ ನಲ್ಲಿ ನೀರು ಬೆರೆಸಿ ಮತ್ತೆ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಬೇಕು.

ಪಿಎಚ್ 7.2ರಿಂದ 7.8ರ ನಡುವೆ ಇರಲಿ. ಬಿಲ್ಲೆ ಅದನ್ನು ಇಳಿಸುತ್ತದೆ, ಹೈಪೋಕ್ಲೋರೈಟ್ ಏರಿಸುತ್ತದೆ. ಕ್ಷಾರೀಯತೆ ಅಳೆದಾಗ ಸ್ಟೆಬಿಲೈಸರ್‌ನ ಮೂರನೇ ಒಂದು ಭಾಗ ಕಳೆಯಬೇಕು. ಸ್ಟೆಬಿಲೈಸರ್ 120 ಇದ್ದರೆ, 100 ಎಂದು ಕಂಡ ಕ್ಷಾರೀಯತೆ ನಿಜವಾಗಿ 60 ಮಾತ್ರ.

ನೀರು ಬದಲಿಸಲೇಬೇಕಾದರೆ ಮಳೆಗಾಲ ಒಳ್ಳೆಯ ಸಮಯ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು ಸಾವಿರ ಲೀಟರ್. ಮೊದಲ ಮಳೆಯ ಕೊಳೆ ಹರಿದುಹೋದ ಮೇಲಿನ ನೀರನ್ನು ಸೋಸಿ ಕೊಳಕ್ಕೆ ತಿರುಗಿಸಬಹುದು. ಕೊಳವನ್ನು ಒಮ್ಮೆಗೇ ಬರಿದು ಮಾಡದೆ ಸ್ವಲ್ಪ ಸ್ವಲ್ಪವೇ ಬದಲಿಸುವುದು ಕ್ಷೇಮ. ತೇವ ತುಂಬಿದ ನೆಲದ ಒತ್ತಡಕ್ಕೆ ಬರಿದಾದ ಕೊಳ ಬಿರುಕು ಬಿಡಬಹುದು. ಹೊರಹಾಕುವ ನೀರಿನಲ್ಲಿ ಕ್ಲೋರಿನ್ ಇಳಿದ ಮೇಲೆ ಅಂಗಳ, ವಾಹನ ತೊಳೆಯಲು ಬಳಸಿದರೆ ಅದೂ ವ್ಯರ್ಥವಾಗದು.